ಅಟ್ಯಾಕ್ ಬರಲಿ ಅಂತ ನಾನೇ ಕರೆದೆ

ಪ್ಯಾನಿಕ್ ಅಟ್ಯಾಕ್ ಅಂದ್ರೆ ಎದೆ ಬಡಿದು, ಈಗಲೇ ಸಾಯ್ತೀನಿ ಅನ್ನಿಸುವ ದಿಢೀರ್ ಭಯ. ಅದಕ್ಕಿಂತ ಹೆಚ್ಚು ವಿವರಿಸಲು ಹೋಗುವುದಿಲ್ಲ. ಇಸಿಜಿ, ಎಕೋ, ಟಿಎಂಟಿ, ಥೈರಾಯ್ಡ್ ಎಲ್ಲ ಮುಗಿಸಿ, 'ಹಾರ್ಟ್ ಚೆನ್ನಾಗಿದೆ, ಗ್ಯಾಸ್ಟ್ರಿಕ್ ಇರಬೇಕು' ಅನ್ನಿಸಿಕೊಂಡು ಬಂದವರಿಗೆ ಈ ಬರಹ. ಆ ಸುತ್ತಾಟಕ್ಕೇ ನನಗೆ ಹೆಚ್ಚುಕಮ್ಮಿ 40 ಸಾವಿರ ಹೋಯಿತು. ಅಮ್ಮ ದೃಷ್ಟಿ ತೆಗೆದರು, ಅದೊಂದು ಮಾತ್ರ ಪುಕ್ಕಟೆ. ನಾಡಿ ತೋರಿಸುವ ವಾಚ್ ಕೊಂಡೆ. ಅದು 110 ತೋರಿಸಿದರೆ ಸಾಕು, ನೋಡಿದ ಗಾಬರಿಗೇ 130 ಆಗುತ್ತಿತ್ತು! ಅರ್ಧ ಬೆಲೆಗೆ ಮಾರಿದೆ.

ಅಟ್ಯಾಕ್ ಬಂದಾಗ ಉಸಿರು ಎಣಿಸುವುದೂ ನನಗೆ ಒಗ್ಗಲಿಲ್ಲ. ಎಣಿಕೆ ತಪ್ಪಿದರೆ ಸತ್ತೇ ಹೋಗ್ತೀನಿ ಅನ್ನೋ ಹಾಗೆ ಎಣಿಸುತ್ತಿದ್ದೆ.

ಕೊನೆಗೆ ಫಲ ಕೊಟ್ಟಿದ್ದು ಉಲ್ಟಾ ದಾರಿ. ಯಾವ ಲಕ್ಷಣಕ್ಕೆ ಹೆದರುತ್ತೀರೋ ಅದನ್ನೇ ಬೇಕಂತ ತರಿಸಿಕೊಳ್ಳಿ ಅಂದರು ಸೈಕಾಲಜಿಸ್ಟ್. 'ದುಡ್ಡು ಕೊಟ್ಟು ಅಟ್ಯಾಕ್ ತಗೊಳ್ತೀಯೇನೋ' ಅಂತ ಅಣ್ಣ ನಕ್ಕ. ಒಂದು ನಿಮಿಷ ಜೋರಾಗಿ, ಆಳವಾಗಿ ಉಸಿರಾಡಿದೆ. ಬೆರಳ ತುದಿ ಜುಮ್ಮೆಂದಿತು, ತುಟಿ ಸುತ್ತ ಮರಗಟ್ಟಿತು, ತಲೆ ತೇಲಿತು. ಥೇಟ್ ಅದೇ ಅಟ್ಯಾಕ್! ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದರೆ ಹೀಗಾಗುತ್ತದೆ, ಅಷ್ಟೇ. ಆಮೇಲೆ ಮೂಗು ಹಿಡಿದು ಸ್ಟ್ರಾದಲ್ಲಿ ಉಸಿರಾಟ, ತಿರುಗುವ ಕುರ್ಚಿ, ಮೆಟ್ಟಿಲ ಮೇಲೆ ಓಟ.

ಗುಟ್ಟು ಇರುವುದು ಆಮೇಲಿನ ಹೊತ್ತಿನಲ್ಲಿ. ನೀರು ಕುಡಿಯಬಾರದು, ನಾಡಿ ಮುಟ್ಟಬಾರದು, ಮಲಗಬಾರದು. ಸುಮ್ನೆ ಕೂತು ಅದು ತಾನಾಗಿ ಇಳಿಯುವುದನ್ನು ನೋಡಬೇಕು. 10ಕ್ಕೆ 9 ಇದ್ದ ಭಯ ಎರಡು ಮೂರು ವಾರದಲ್ಲಿ 3ಕ್ಕೆ ಬಂತು. ನನ್ನಷ್ಟು ಬೇಗ ಭಯ ಇಳಿದವರು ಕಮ್ಮಿ ಅಂತ ಸೈಕಾಲಜಿಸ್ಟೇ ಹೇಳಿದರು, ಬರೆದಿಟ್ಟುಕೊಂಡಿದ್ದೀನಿ. ಡಾಕ್ಟರ್ ಕೊಟ್ಟ ದಿನದ ಮಾತ್ರೆ ಮಾತ್ರ ಬಿಟ್ಟಿರಲಿಲ್ಲ. ಜೇಬಿನಲ್ಲಿ ಧೈರ್ಯಕ್ಕೆ ಅಂತ ಇಟ್ಟುಕೊಳ್ಳುತ್ತಿದ್ದ ಇನ್ನೊಂದು ಮಾತ್ರೆಯನ್ನು ಡಾಕ್ಟರನ್ನು ಕೇಳಿಯೇ ಮನೆಯಲ್ಲಿ ಬಿಟ್ಟೆ.

ನಡುವೆ ಕಾಫಿಯ ಮೇಲೂ ಒಂದು ಪ್ರಯೋಗ ಮಾಡಿದೆ. ಹೆದರಿ ಬಿಟ್ಟಿದ್ದ ಕಾಫಿಯನ್ನು ಗಟ್ಟಿ ಡಿಕಾಕ್ಷನ್ ಹಾಕಿ ಬೇಕಂತಲೇ ಕುಡಿದೆ. ಎದೆ ಡವಡವ ಅಂದಿತು, ಇಳಿಯಿತು. ಮೂರನೇ ಲೋಟಕ್ಕೆ ಬರೀ ನಿದ್ದೆ ಕೆಟ್ಟಿತು.

ತುಂಬಿದ ಮೆಟ್ರೋದಲ್ಲಿ ಮಾಡುವ ಇನ್ನೊಂದು ಉಪಾಯವೂ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಆಸ್ತಮಾ, ಫಿಟ್ಸ್, ಹೃದಯದ ತೊಂದರೆ ಇದ್ದವರು, ಬಸುರಿಯರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ. ಯಾರನ್ನು ಕೇಳಬೇಕು ಅಂತಲೇ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.