ಎದೆ ಸೀಳಿದ ನೋವಿಗೆ ಬೆನ್ನಲ್ಲಿ ಸೂಜಿ: ಇಎಸ್‌ಪಿ ಬ್ಲಾಕ್ ಹಾಕುವ ಬಗೆ

ಬೈಪಾಸ್ ಆದ ಮರುದಿನ ರೋಗಿಗೆ ಕೆಮ್ಮಲು ಹೇಳಿ ನೋಡಿ. ಎದೆಗೆ ದಿಂಬು ಅವಚಿಕೊಂಡು ಅರ್ಧ ಕೆಮ್ಮಿ ನಿಲ್ಲಿಸಿಬಿಡುತ್ತಾರೆ. ಕಫ ಒಳಗೇ ಉಳಿಯುತ್ತದೆ. ಫೆಂಟನಿಲ್ ಅನ್ನುವ ಬಲವಾದ ನೋವುನಿವಾರಕ ಜಾಸ್ತಿ ಕೊಟ್ಟರೆ ನೋವಿನ ಜೊತೆ ಉಸಿರೂ ಇಳಿಯುತ್ತದೆ. ಎಪಿಡ್ಯೂರಲ್ (ಬೆನ್ನುಹುರಿಯ ಹೊದಿಕೆಯ ಹೊರಗೆ ಔಷಧಿ ಬಿಡುವುದು) ಹಾಕೋಣ ಅಂದರೆ, ಪಂಪ್‌ಗೆಂದು, ಅಂದರೆ ಹಾರ್ಟ್-ಲಂಗ್ ಯಂತ್ರಕ್ಕೆಂದು, ರಕ್ತ ಹೆಪ್ಪುಗಟ್ಟದಂತೆ ಅಷ್ಟೊಂದು ಹೆಪಾರಿನ್ ಕೊಡುತ್ತೇವೆ, ಬೆನ್ನುಹುರಿ ಪಕ್ಕ ರಕ್ತ ಕಟ್ಟಿಕೊಂಡರೆ ಕಾಲೇ ಹೋಗಬಹುದು. ಅದಕ್ಕೇ ನಾನು 2016ರಲ್ಲಿ ಬಂದ ಎರೆಕ್ಟರ್ ಸ್ಪೈನೀ (ಇಎಸ್‌ಪಿ) ಬ್ಲಾಕ್ ಕಡೆ ವಾಲುವುದು; ಬೆನ್ನಿನ ಆ ಸ್ನಾಯುವಿನ ಕೆಳಗೆ ಮರಗಟ್ಟಿಸುವ ಔಷಧಿ ಬಿಡುವುದು ಇದು.

ಇದು ಅನಸ್ತೇಶಿಯಾ ಪಿಜಿಗಳಿಗೆ. ಮೊದಲ ಕೆಲವು ಸಲ ಸೀನಿಯರ್ ಪಕ್ಕದಲ್ಲೇ ಇರಲಿ.

ಇಂಡಕ್ಷನ್‌ಗೆ, ಅಂದರೆ ಪ್ರಜ್ಞೆ ತಪ್ಪಿಸುವುದಕ್ಕೆ, ಮೊದಲು, ರೋಗಿ ಕೂತಿರುವಾಗಲೇ ಹಾಕುವುದು ನನಗಿಷ್ಟ. ಹೆಗಲಮೂಳೆಯ ಕೆಳತುದಿ ಸುಮಾರು ಟಿ7 (ಎದೆಭಾಗದ ಏಳನೇ ಕಶೇರು) ಮಟ್ಟಕ್ಕೆ ಸಿಗುತ್ತದೆ, ಅಲ್ಲಿಂದ ಮೇಲೆ ಎಣಿಸಿ ಟಿ5ಕ್ಕೆ ಬನ್ನಿ. ಅಲ್ಟ್ರಾಸೌಂಡ್ ಪ್ರೋಬ್ ಉದ್ದುದ್ದ ಹಿಡಿದು ನಡುಗೆರೆಯಿಂದ ಸುಮಾರು 3 ಸೆಂ.ಮೀ. ಪಕ್ಕಕ್ಕೆ ಇಡಿ. ಎಲ್ಲರೂ ಎಡವುವುದು ಇಲ್ಲೇ. ಮೂಳೆಯ ನೆರಳು ದುಂಡಗಿದ್ದು, ನಡುವೆ ಪ್ಲೂರಾ (ಶ್ವಾಸಕೋಶದ ಹೊದಿಕೆ) ಬೆಳ್ಳಗೆ ಜಾರಾಡುತ್ತಿದ್ದರೆ ಅದು ಪಕ್ಕೆಲುಬು, ನೀವು ತೀರಾ ಹೊರಗೆ ಹೋಗಿದ್ದೀರಿ. ಚಪ್ಪಟೆಯಾಗಿ, ಚೌಕಾಕಾರ ಕಂಡರೆ ಅದೇ ಟ್ರಾನ್ಸ್‌ವರ್ಸ್ ಪ್ರೋಸೆಸ್, ಕಶೇರುವಿನ ಪಕ್ಕಕ್ಕೆ ಚಾಚಿದ ಮೂಳೆ. ಅದರ ಮೇಲೆ ಮೂರು ಪದರ ಸ್ನಾಯು, ಟ್ರಪೀಜಿಯಸ್, ರಾಂಬಾಯ್ಡ್, ಕೆಳಗೆ ಎರೆಕ್ಟರ್ ಸ್ಪೈನೀ.

ಸೂಜಿ ಮೂಳೆಗೆ ಮೆತ್ತಗೆ ತಾಗಲಿ. ನರ ಹುಡುಕಬೇಡಿ, ಇಲ್ಲಿ ಅದರ ಕೆಲಸವೇ ಇಲ್ಲ. ಒಂದೆರಡು ಎಂ.ಎಲ್. ಸಲೈನ್ ಬಿಟ್ಟಾಗ ಸ್ನಾಯು ಮೂಳೆಯಿಂದ ಮೇಲೇಳಬೇಕು, ಗೋಡೆಯಿಂದ ಸುಣ್ಣದ ಪದರ ಬಿಟ್ಟುಕೊಂಡ ಹಾಗೆ. ಸ್ನಾಯುವೇ ಊದಿಕೊಂಡರೆ ಇನ್ನೂ ಸ್ವಲ್ಪ ಒಳಗೆ ಹೋಗಿ. ಆಮೇಲೆ ರಕ್ತ ಬರುತ್ತದಾ ಅಂತ ಆಗಾಗ ಎಳೆದು ನೋಡುತ್ತಾ 0.2% ರೋಪಿವಕೇನ್ (ಮರಗಟ್ಟಿಸುವ ಔಷಧಿ) 20 ಎಂ.ಎಲ್. ಬಿಡಿ. ಎದೆಮೂಳೆ ನಡುವಲ್ಲಿದೆ, ಹಾಗಾಗಿ ಇನ್ನೊಂದು ಬದಿಗೂ ಅಷ್ಟೇ.

ಎರಡು ಬದಿ ಅಂದಮೇಲೆ ಲೆಕ್ಕ ತಪ್ಪಬಾರದು, ಅಲ್ವಾ? ಕೆ.ಜಿ.ಗೆ 3 ಮಿ.ಗ್ರಾಂ. ಮಿತಿ ಹಿಡಿದರೆ 50 ಕೆ.ಜಿ.ಯವರಿಗೆ 150. ಮೇಲಿನ 40 ಎಂ.ಎಲ್.ನಲ್ಲಿ ಇರುವುದು 80. ಅದೇ 0.375% ತಗೊಂಡರೆ ನೇರ 150ಕ್ಕೇ ಮುಟ್ಟಿಬಿಡುತ್ತದೆ, ಸರ್ಜನ್ ಗಾಯಕ್ಕೆ ಇನ್ನಷ್ಟು ಔಷಧಿ ಹಾಕಿದರೆ ಮುಗೀತು. ರೋಗಿ ನಿದ್ದೆಯಲ್ಲಿದ್ದರೆ ಔಷಧಿ ವಿಷವಾಗುತ್ತಿರುವ ಸೂಚನೆಯಾಗಿ ಕಿವಿ ಗುಂಯ್‌ಗುಟ್ಟುತ್ತಿದೆ ಅಂತ ಹೇಳುವವರೂ ಇರುವುದಿಲ್ಲ. ಆ ವಿಷಕ್ಕೆ ಕೊಡುವ 20% ಲಿಪಿಡ್ ಎಮಲ್ಷನ್ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಔಷಧಿ ಎಲ್ಲರಲ್ಲೂ ಒಂದೇ ಥರ ಹರಡುವುದಿಲ್ಲ, ಕೆಲವರಿಗೆ ಅರ್ಧಂಬರ್ಧ ಹಿಡಿಯುತ್ತದೆ. ಪ್ಯಾರಾಸಿಟಮಾಲ್ ನಿಲ್ಲಿಸಬೇಡಿ. ಐಸಿಯುನಲ್ಲಿ ಬರೀ "ನೋವಿದೆಯಾ" ಅಂತ ಕೇಳಬೇಡಿ, ಕೆಮ್ಮಿಸಿ, ಆಗ ಎಷ್ಟು ನೋವು ಅಂತ ಬರೆದುಕೊಳ್ಳಿ.