ಸಿಎನ್‌ಸಿ ಕಂಪ್ಯೂಟರ್ ಕೈಕೊಡುತ್ತಿದೆಯೇ? ಫಾರ್ಮ್ಯಾಟ್ ಮಾಡುವ ಮೊದಲು ಅರ್ಥಿಂಗ್ ನೋಡಿ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಿಎನ್‌ಸಿ ಯಂತ್ರಗಳ, ಅಂದರೆ ಕಂಪ್ಯೂಟರ್ ಹೇಳಿದಂತೆ ಕಡೆಯುವ, ಕತ್ತರಿಸುವ ಯಂತ್ರಗಳ ದುರಸ್ತಿ ಮಾಡುತ್ತ ನನಗೆ ಇಪ್ಪತ್ತೆರಡು ವರ್ಷಗಳಾದವು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಬಂದು ಇಲ್ಲಿ ಸ್ವಂತ ವರ್ಕ್‌ಶಾಪ್ ಹಾಕಿಕೊಂಡವರು ಬಹಳ ಮಂದಿ ಇದ್ದಾರೆ. ಅವರಿಂದ ಬರುವ ಕರೆಗಳಲ್ಲಿ ಒಂದು ಮಾತನ್ನು ಪದೇ ಪದೇ ಕೇಳುತ್ತೇನೆ: “ಕಂಪ್ಯೂಟರ್ ತಾನಾಗಿಯೇ ಬಂದ್ ಆಗುತ್ತಿದೆ. ಎರಡು ಸಲ ಫಾರ್ಮ್ಯಾಟ್ ಮಾಡಿಸಿದೆ, ಆದರೂ ಹಾಗೆಯೇ ಇದೆ.”

ಆ ಎರಡು ಫಾರ್ಮ್ಯಾಟ್‌ಗಳಲ್ಲಿ ಏನೇನು ಅಳಿಸಿಹೋಯಿತು ಎಂದು ಕೇಳಿದಾಗ ಹೊಟ್ಟೆ ಉರಿಯುತ್ತದೆ. ಹೋಗುವುದು ವಿಂಡೋಸ್ ಒಂದೇ ಅಲ್ಲ. ಯಂತ್ರ ಚಲಿಸುವ ಪ್ರತಿ ಅಕ್ಷದ ಸ್ಟೆಪ್ (ಮೋಟಾರಿನ ಹೆಜ್ಜೆ) ಲೆಕ್ಕ, ಬ್ಯಾಕ್‌ಲ್ಯಾಶ್ (ಸ್ಕ್ರೂವಿನ ಸಡಿಲ) ತಿದ್ದುಪಡಿ, ಟೂಲ್ ಟೇಬಲ್, ಲೈಸೆನ್ಸ್ ಫೈಲ್, ಯಾರೋ ಪುಣ್ಯಾತ್ಮ ತಿಂಗಳುಗಟ್ಟಲೆ ಕುಳಿತು ತಿದ್ದಿದ ಪೋಸ್ಟ್ ಪ್ರೊಸೆಸರ್ (ಡ್ರಾಯಿಂಗನ್ನು ಯಂತ್ರದ ಭಾಷೆಗೆ ತಿರುಗಿಸುವ ಫೈಲ್), ಎಲ್ಲವೂ ಹೋಗುತ್ತವೆ. ತೊಂದರೆ ಮಾತ್ರ ಉಳಿಯುತ್ತದೆ, ಏಕೆಂದರೆ ಅದು ಇದ್ದದ್ದು ಗೋಡೆಯ ಸಾಕೆಟ್ಟಿನಲ್ಲಿ.

ಇಲ್ಲಿ ಹೇಳುವುದು ಎರಡು ಬಗೆಯ ಕಂಪ್ಯೂಟರ್‌ಗಳಿಗೆ ಅನ್ವಯಿಸುತ್ತದೆ. ಒಂದು, ಮ್ಯಾಕ್3 ಅಥವಾ ಲಿನಕ್ಸ್‌ಸಿಎನ್‌ಸಿ ಎಂಬ ಸಾಫ್ಟ್‌ವೇರ್ ಹಾಕಿಕೊಂಡು ಮರ ಕಡೆಯುವ ರೂಟರ್, ಲೋಹ ಕತ್ತರಿಸುವ ಪ್ಲಾಸ್ಮಾ ಯಂತ್ರಗಳನ್ನು ನೇರವಾಗಿ ಓಡಿಸುವಂಥದ್ದು. ಇನ್ನೊಂದು, ಫ್ಯಾನಕ್‌ನಂತಹ ಕಂಟ್ರೋಲರ್ ತನ್ನೊಳಗೇ ಇರುವ ಯಂತ್ರಕ್ಕೆ ಸೀರಿಯಲ್ ಕೇಬಲ್ ಮೂಲಕ ಪ್ರೋಗ್ರಾಂ ಕಳಿಸುವಂಥದ್ದು.

ಜಾಗ

ಕಂಪ್ಯೂಟರನ್ನು ಯಂತ್ರದಿಂದ ದೂರ, ನೆಲದಿಂದ ಎರಡು ಅಡಿ ಮೇಲೆ, ಬಾಗಿಲಿರುವ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಿ. ಗಾಳಿ ಒಳಬರುವ ಕಡೆ ತೊಳೆಯಬಹುದಾದ ಫಿಲ್ಟರ್ ಹಾಕಿ.

ಬೀಡುಕಬ್ಬಿಣ ಕಡೆಯುವವರು ಇನ್ನೂ ಒಂದು ಮಾತು ನೆನಪಿಡಬೇಕು. ಆ ಕಪ್ಪು ಪುಡಿ ವಿದ್ಯುತ್ ಹರಿಸುತ್ತದೆ. ಕೂಲಂಟ್ ಆವಿಯ ಜೊತೆ ಸೇರಿ ಮದರ್‌ಬೋರ್ಡ್ ಮೇಲೆ ಕೂತರೆ ಶಾರ್ಟ್ ಆಗುವುದಕ್ಕೆ ಬೇರೇನೂ ಬೇಕಿಲ್ಲ. ಅದನ್ನು ಕಂಪ್ರೆಸರ್ ಗಾಳಿಯಿಂದ ಊದಿ ತೆಗೆಯುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಆ ಗಾಳಿಯಲ್ಲಿ ನೀರೂ ಎಣ್ಣೆಯೂ ಇರುತ್ತವೆ, ಪುಡಿ ಹೊರಗೆ ಹೋಗುವ ಬದಲು ಸ್ಲಾಟ್‌ಗಳ ಒಳಗೆ ಸೇರಿಕೊಳ್ಳುತ್ತದೆ. ಮೆತ್ತನೆಯ ಬ್ರಷ್ ಮತ್ತು ವ್ಯಾಕ್ಯೂಮ್ ಸಾಕು. ಆಯುಧ ಪೂಜೆಯ ದಿನ ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚುವುದು ನಮ್ಮಲ್ಲಿ ತಪ್ಪದ ಪದ್ಧತಿ, ನಾನೂ ಹಚ್ಚುತ್ತೇನೆ. ಆದರೆ ಪೆಟ್ಟಿಗೆಯ ಬಾಗಿಲಿನ ಹೊರಮೈಗೆ ಹಚ್ಚಿ, ಫ್ಯಾನಿನ ಕಿಂಡಿಯ ಬಳಿ ಬೇಡ.

ವಿದ್ಯುತ್ ಮತ್ತು ಅರ್ಥಿಂಗ್

ಜನ ಎಡವುವುದು ಇಲ್ಲಿಯೇ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಒಂದು ಮೇ ತಿಂಗಳಲ್ಲಿ ಭೋಸರಿಯ ಒಂದು ಶೆಡ್ಡಿಗೆ ಹೋಗಿದ್ದೆ. ಎರಕದ ಕಾರ್ಖಾನೆಗಳಿಗೆ ಮರದ ಪ್ಯಾಟರ್ನ್ (ಅಚ್ಚಿನ ಮಾದರಿ) ಮಾಡಿಕೊಡುವ ರೂಟರ್ ಯಂತ್ರ. ಕಂಪ್ರೆಸರ್ ಚಾಲೂ ಆದಾಗಲೆಲ್ಲ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿತ್ತು, ಅರ್ಧ ಕಡೆದ ಸಾಗವಾನಿ ಹಲಗೆ ಹಾಳಾಗುತ್ತಿತ್ತು. ರ‍್ಯಾಮ್ ಬದಲಿಸಿದ್ದರು, ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಡಬ್ಬಿ) ಬದಲಿಸಿದ್ದರು, ಮೂರು ಸಲ ಫಾರ್ಮ್ಯಾಟ್ ಮಾಡಿಸಿದ್ದರು. ಕ್ಯಾಬಿನೆಟ್ಟಿಗೆ ಕೈಯ ಹಿಂಬದಿ ತಾಗಿತು, ಜುಮ್ಮೆಂದಿತು. ಯಂತ್ರಕ್ಕೆ ಹೋಗುವ ಕೇಬಲ್ ಬಿಡಿಸಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಕ್ಯಾಬಿನೆಟ್ಟಿನ ಸ್ಕ್ರೂಗೆ, ಇನ್ನೊಂದನ್ನು ಯಂತ್ರದ ಚೌಕಟ್ಟಿಗೆ ಇಟ್ಟೆ. 108 ವೋಲ್ಟ್.

ಇದು ಎಲ್ಲಿಂದ ಬಂತು? ಎಸ್‌ಎಂಪಿಎಸ್ ಒಳಗೆ ವಿದ್ಯುತ್ತಿನ ಗದ್ದಲವನ್ನು ಸೋಸಲು ಎರಡು ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಒಂದು ಫೇಸ್‌ನಿಂದ ಕ್ಯಾಬಿನೆಟ್ಟಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ಕ್ಯಾಬಿನೆಟ್ಟಿಗೆ. ಅರ್ಥ್ ತಂತಿ ಇದ್ದರೆ ಗದ್ದಲ ನೆಲಕ್ಕೆ ಇಳಿದುಹೋಗುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ 230 ವೋಲ್ಟಿನ ಅರ್ಧದ ಆಸುಪಾಸಿಗೆ ಏರಿ ನಿಲ್ಲುತ್ತದೆ. ಹರಿಯುವ ಕರೆಂಟ್ ಸಣ್ಣದು, ಮನುಷ್ಯನಿಗೆ ಜುಮ್ಮೆನ್ನುತ್ತದೆ ಅಷ್ಟೇ. ಆದರೆ ಕಂಪ್ಯೂಟರಿಗೂ ಯಂತ್ರಕ್ಕೂ ನಡುವೆ ಕೇಬಲ್ ಸಿಕ್ಕಿಸಿದ ಕೂಡಲೇ ಆ ಕರೆಂಟ್ ಪೋರ್ಟಿನ ಮೂಲಕ ಯಂತ್ರದ ಅರ್ಥ್ ಹುಡುಕಿಕೊಂಡು ಹೋಗುತ್ತದೆ. ಡೇಟಾ ಕೇಬಲ್ಲೇ ಅರ್ಥ್ ತಂತಿಯಾಗುತ್ತದೆ. ಅಲ್ಲಿಂದ ಮುಂದೆ ಪೋರ್ಟ್ ಸುಟ್ಟರೂ, ಸ್ಟೆಪ್ ತಪ್ಪಿದರೂ, ಕಂಪ್ಯೂಟರ್ ರೀಸ್ಟಾರ್ಟ್ ಆದರೂ ಆಶ್ಚರ್ಯವಿಲ್ಲ.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಎಕ್ಸ್‌ಟೆನ್ಷನ್ ಬೋರ್ಡಿಗೆ ಮೂರು ತೂತುಗಳಿದ್ದವು, ಒಳಗೆ ಬಂದಿದ್ದ ತಂತಿ ಎರಡು ಎಳೆಯದು. ಪೇಟೆಯಲ್ಲಿ ಇಂಥ ಅಗ್ಗದ ಬೋರ್ಡ್‌ಗಳು ಬೇಕಾದಷ್ಟು ಸಿಗುತ್ತವೆ. ಕೊಂಡ ಮೇಲೆ ಸ್ಕ್ರೂ ಬಿಚ್ಚಿ ಒಳಗೆ ಮೂರನೆಯ ತಂತಿ ಇದೆಯೇ ಎಂದು ಕಣ್ಣಾರೆ ನೋಡದೆ ಯಾವ ಬೋರ್ಡನ್ನೂ ವರ್ಕ್‌ಶಾಪಿನಲ್ಲಿ ಬಳಸಬೇಡಿ. ನನ್ನ ಮಾತು ಕೇಳುವುದಾದರೆ, ಸಿಎನ್‌ಸಿ ಕಂಪ್ಯೂಟರಿಗೆ ಎಕ್ಸ್‌ಟೆನ್ಷನ್ ಬೋರ್ಡೇ ಬೇಡ.

ಈಗ ಅಳತೆ. ಇದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ನೀವು ಪಕ್ಕದಲ್ಲಿ ನಿಂತು ಬರೆದುಕೊಳ್ಳಿ. ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು, ಕಂಪ್ಯೂಟರಿನ ಸಾಕೆಟ್ಟಿನಲ್ಲಿ ಮೂರು ಅಳತೆ: ಫೇಸ್–ನ್ಯೂಟ್ರಲ್, ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್. ಮೊದಲೆರಡು ಹೆಚ್ಚುಕಡಿಮೆ ಒಂದೇ ಇರಬೇಕು. ಮೂರನೆಯದು ಎರಡು-ಮೂರು ವೋಲ್ಟ್ ಮೀರಬಾರದು. ಬಹಳ ಜನ ಇಷ್ಟಕ್ಕೇ ಮೀಟರ್ ಜೇಬಿಗೆ ಹಾಕಿಕೊಳ್ಳುತ್ತಾರೆ. ಅಸಲಿ ಪರೀಕ್ಷೆ ಇನ್ನೂ ಶುರುವೇ ಆಗಿರುವುದಿಲ್ಲ. ಕಂಪ್ರೆಸರ್ ಚಾಲೂ ಮಾಡಿ, ಸ್ಪಿಂಡಲ್ (ಟೂಲನ್ನು ತಿರುಗಿಸುವ ದಂಡ) ತಿರುಗಿಸಿ, ಪಕ್ಕದ ವೆಲ್ಡಿಂಗ್ ಯಂತ್ರವನ್ನೂ ಹಚ್ಚಿಸಿ, ಆಗ ಮೂರನೆಯ ಅಳತೆಯನ್ನು ಮತ್ತೆ ನೋಡಿ. ಆ ಶೆಡ್ಡಿನಲ್ಲಿ ಎರಡು ವೋಲ್ಟ್ ಇದ್ದದ್ದು ಕಂಪ್ರೆಸರ್ ಎದ್ದಾಗ ಹದಿನಾಲ್ಕಕ್ಕೆ ಜಿಗಿಯಿತು. ಬೋರ್ಡ್ ಬದಲಿಸಿದರಷ್ಟೇ ಸಾಲದು ಎಂದು ಗೊತ್ತಾದದ್ದು ಆಗಲೇ.

ಹೀಗೆ ಜಿಗಿದರೆ ಎರಡು ಕೆಲಸ. ಒಂದು, ಕಂಪ್ಯೂಟರಿಗೆ ಮುಖ್ಯ ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದಲೇ ಪ್ರತ್ಯೇಕ ಎಂಸಿಬಿ (ತಾನಾಗಿ ಕಡಿಯುವ ಸುರಕ್ಷಾ ಸ್ವಿಚ್) ಹಾಕಿ, ಬೇರೆ ಮೂರೆಳೆ ತಂತಿ ಎಳೆಸಿ. ಕಂಪ್ರೆಸರಿನ ಜೊತೆ ಒಂದೇ ನ್ಯೂಟ್ರಲ್ ಹಂಚಿಕೊಳ್ಳಬಾರದು. ಎರಡು, ಅರ್ಥ್ ಗುಂಡಿಯನ್ನು ಅರ್ಥ್ ಟೆಸ್ಟರಿನಿಂದ ಅಳೆಸಿ, ಯಂತ್ರದ ಕೈಪಿಡಿಯಲ್ಲಿ ಕೊಟ್ಟ ಮಿತಿಯ ಜೊತೆ ಹೋಲಿಸಿ. ಪುಣೆಯ ನೆಲ ದಖ್ಖನಿನ ಕಪ್ಪು ಬಸಾಲ್ಟ್ ಬಂಡೆ. ಕೆಲವು ಕಡೆ ಎರಡು ಅಡಿ ಅಗೆಯುವಷ್ಟರಲ್ಲಿ ಕಲ್ಲು ಸಿಗುತ್ತದೆ, ಕೂಲಿಯವರು ಅಲ್ಲಿಗೇ ನಿಲ್ಲಿಸಿ ಮುಚ್ಚಿಬಿಡುತ್ತಾರೆ. ಮಳೆಗಾಲದಲ್ಲಿ ಅಂಥ ಗುಂಡಿ ಹೇಗೋ ಕೆಲಸ ಮಾಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಒಣಗಿದಾಗ ಇದ್ದೂ ಇಲ್ಲದಂತೆ. ಫೆಬ್ರವರಿ ಕೊನೆಯಿಂದ ಮಳೆ ಹಿಡಿಯುವವರೆಗೆ ವಾರಕ್ಕೆರಡು ಸಲ ಗುಂಡಿಗೆ ಬಕೆಟ್ ನೀರು ಹಾಕುವ ಕೆಲಸವನ್ನು ಒಬ್ಬರ ಹೆಸರಿಗೆ ಬರೆದಿಡಿ. ಆ ಶೆಡ್ಡಿನ ಗುಂಡಿಯ ಮುಚ್ಚಳ ತೆಗೆದಾಗ ಒಳಗೆ ತುಂಬಿದ್ದ ಇದ್ದಿಲು ಬೂದಿಯಂತೆ ಒಣಗಿತ್ತು, ಹಿಡಿದರೆ ಬೆರಳ ಸಂದಿಯಿಂದ ಉದುರುತ್ತಿತ್ತು.

ಮಾಡಲೇಬಾರದ ಅಡ್ಡದಾರಿಗಳು ಮೂರು ಇವೆ. ಸಾಕೆಟ್ಟಿನ ಹಿಂದೆ ನ್ಯೂಟ್ರಲ್‌ಗೂ ಅರ್ಥ್‌ಗೂ ಒಂದು ತುಂಡು ತಂತಿ ಸೇರಿಸುವುದು ಮೊದಲನೆಯದು. ಆಗ ಮೀಟರ್ ಸೊನ್ನೆ ತೋರಿಸುತ್ತದೆ, ನೋಡುವವರಿಗೆ ಸಮಾಧಾನವಾಗುತ್ತದೆ. ಎಂದಾದರೂ ಹಿಂದೆ ನ್ಯೂಟ್ರಲ್ ಕಡಿದುಹೋದರೆ ಕ್ಯಾಬಿನೆಟ್ಟಿಗೆ ಪೂರ್ತಿ 230 ವೋಲ್ಟ್ ಬರಬಹುದು, ಮುಟ್ಟಿದವರ ಜೀವ ಹೋಗಬಹುದು. ಆದ್ದರಿಂದ ಲೋಡ್ ಎಷ್ಟೇ ಏರಿದರೂ ಮೂರನೆಯ ಅಳತೆ ಸೊನ್ನೆಯಲ್ಲೇ ನಿಂತರೆ ಸಾಕೆಟ್ ಬಿಚ್ಚಿಸಿ ನೋಡಿ. ಎರಡನೆಯದು, ಕಂಪ್ಯೂಟರಿಗೆಂದು ಬೇರೆಯೇ ಒಂದು ಸರಳು ನೆಟ್ಟು ‘ಶುದ್ಧ ಅರ್ಥ್’ ಎನ್ನುವುದು. ಯಂತ್ರದ ಅರ್ಥ್‌ಗೂ ಈ ಸರಳಿಗೂ ಸಂಪರ್ಕವಿಲ್ಲದಿದ್ದರೆ ಎರಡರ ನಡುವಿನ ವೋಲ್ಟೇಜ್ ಮತ್ತೆ ಡೇಟಾ ಕೇಬಲ್ಲಿನಲ್ಲೇ ಹರಿಯುತ್ತದೆ. ಎಷ್ಟು ಗುಂಡಿಗಳಿದ್ದರೂ ಎಲ್ಲವೂ ಒಂದೇ ತಾಮ್ರದ ಪಟ್ಟಿಗೆ ಬಂದು ಸೇರಬೇಕು, ಪ್ರತಿ ಯಂತ್ರಕ್ಕೂ ಅಲ್ಲಿಂದ ಬೇರೆ ಬೇರೆ ತಂತಿ ಹೋಗಬೇಕು. ಮೂರನೆಯದು, ಫೇಸ್‌ಗೂ ಅರ್ಥ್‌ಗೂ ನಡುವೆ ನೂರು ವ್ಯಾಟ್ ಬಲ್ಬ್ ಹಚ್ಚಿ “ಅರ್ಥಿಂಗ್ ಚೆನ್ನಾಗಿದೆ” ಎನ್ನುವುದು. ಬಲ್ಬಿಗೆ ಅರ್ಧ ಆಂಪಿಯರ್ ಕೂಡ ಬೇಡ, ಸುಮಾರಾದ ಗುಂಡಿಯೂ ಅದನ್ನು ಬೆಳಗಿಸುತ್ತದೆ. ಗುಂಡಿ ಕೆಟ್ಟಿದ್ದರಂತೂ ಆ ಹೊತ್ತಿನಲ್ಲಿ ಅರ್ಥ್‌ಗೆ ಜೋಡಿಸಿದ ಎಲ್ಲ ಯಂತ್ರಗಳ ಮೈಮೇಲೂ ವೋಲ್ಟೇಜ್ ಏರುತ್ತದೆ.

ಇಷ್ಟಾದ ಮೇಲೆಯೇ ಯುಪಿಎಸ್. ಒಂದು ಕೆವಿಎ ಆನ್‌ಲೈನ್ ಯುಪಿಎಸ್ (ಯಾವಾಗಲೂ ತನ್ನ ಇನ್ವರ್ಟರ್ ಮೂಲಕವೇ ವಿದ್ಯುತ್ ಕೊಡುವ ಬಗೆ) ತೆಗೆದುಕೊಳ್ಳಿ, ಅದಕ್ಕೆ ಕಂಪ್ಯೂಟರ್ ಮತ್ತು ಮಾನಿಟರ್ ಬಿಟ್ಟು ಬೇರೇನನ್ನೂ ಹಾಕಬೇಡಿ. ಯುಪಿಎಸ್ ಅರ್ಥಿಂಗ್ ದೋಷವನ್ನು ವಾಸಿಮಾಡುವುದಿಲ್ಲ. ಶೆಡ್ಡಿನ ಸೆಕೆಯಲ್ಲಿ ಅದರ ಬ್ಯಾಟರಿ ಬೇಗ ಸೊರಗುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸುವ ಲೆಕ್ಕ ಇಟ್ಟುಕೊಳ್ಳಿ.

ಕೇಬಲ್

ಸೀರಿಯಲ್ ಕೇಬಲ್ಲನ್ನು ಎರಡೂ ಕಡೆ ವಿದ್ಯುತ್ ಬಂದ್ ಮಾಡಿಯೇ ಸಿಕ್ಕಿಸಿ, ಬಿಡಿಸಿ. ಉದ್ದ ಹದಿನೈದು ಮೀಟರ್ ಒಳಗಿರಲಿ. ಸ್ಪಿಂಡಲ್ ಮೋಟಾರನ್ನು ಓಡಿಸುವ ಡ್ರೈವ್‌ನ ತಂತಿಯ ಜೊತೆ ಒಂದೇ ಪೈಪಿನಲ್ಲಿ ಹಾಕಬೇಡಿ, ದಾಟಲೇಬೇಕಾದರೆ ಅಡ್ಡಲಾಗಿ ದಾಟಿಸಿ. ಸಿಗ್ನಲ್ ಕೇಬಲ್ಲಿನ ಶೀಲ್ಡನ್ನು (ತಂತಿಗಳನ್ನು ಸುತ್ತಿದ ಲೋಹದ ಹೊದಿಕೆ) ಯಂತ್ರದ ಕಡೆ ಮಾತ್ರ ಅರ್ಥ್ ಮಾಡಿ, ಡ್ರೈವ್‌ನಿಂದ ಮೋಟಾರಿಗೆ ಹೋಗುವ ಶೀಲ್ಡನ್ನು ಎರಡೂ ತುದಿಯಲ್ಲಿ. ಯುಎಸ್‌ಬಿಯಿಂದ ಸೀರಿಯಲ್ ಮಾಡುವ ಅಡಾಪ್ಟರುಗಳಲ್ಲಿ ನಕಲಿ ಚಿಪ್ ಹಾಕಿದವು ಪೇಟೆಯಲ್ಲಿ ವಿಪರೀತ. ಉದ್ದದ ಪ್ರೋಗ್ರಾಂ ಕಳಿಸುವಾಗ ನಡುವೆ ಅಕ್ಷರ ನುಂಗುತ್ತವೆ, ನುಂಗಿದ್ದು ಒಂದು ದಶಮಾಂಶ ಬಿಂದುವಾಗಿದ್ದರೆ ಟೂಲ್ ನೇರ ಜಾಬಿನೊಳಗೆ, ಅಂದರೆ ಕಡೆಯುತ್ತಿರುವ ತುಂಡಿನೊಳಗೆ. ಹಣ ಉಳಿಸಬೇಡಿ. ಮದರ್‌ಬೋರ್ಡಿನಲ್ಲೇ ಸೀರಿಯಲ್ ಪೋರ್ಟ್ ಇರುವ ಕಂಪ್ಯೂಟರ್ ಎಲ್ಲಕ್ಕಿಂತ ಒಳ್ಳೆಯದು.

ಸಾಫ್ಟ್‌ವೇರ್

ಇಂಟರ್ನೆಟ್ ಬೇಡ. ಸ್ಲೀಪ್, ಸ್ಕ್ರೀನ್‌ಸೇವರ್, ಯುಎಸ್‌ಬಿ ವಿದ್ಯುತ್ ಉಳಿತಾಯ, ತಾನಾಗಿಯೇ ಅಪ್‌ಡೇಟ್ ಆಗುವುದು, ಎಲ್ಲ ಬಂದ್. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಬೆಂಬಲ ಮುಗಿಸಿತು ಎಂದು ಚಾಲೂ ಇರುವ ಯಂತ್ರದ ಕಂಪ್ಯೂಟರನ್ನು ಬದಲಿಸಲು ಹೊರಡಬೇಡಿ. ಮ್ಯಾಕ್3ರ ಪ್ಯಾರಲಲ್ ಪೋರ್ಟ್ (ಹಳೆಯ ಪ್ರಿಂಟರ್ ಪೋರ್ಟ್) ಡ್ರೈವರ್ 32 ಬಿಟ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ, ಹೊಸದು ತಂದರೆ ಯಂತ್ರವೇ ನಿಲ್ಲುತ್ತದೆ. ಹೊರಗಿನ ಸಂಪರ್ಕ ಕಡಿದರೆ ಸಾಕು. ಹಾಗೆಂದು ಪೆನ್‌ಡ್ರೈವ್ ವಿಷಯದಲ್ಲಿ ಮೈಮರೆಯಬೇಡಿ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಹಾನಿಕಾರಕ ಪ್ರೋಗ್ರಾಂ ಇಂಟರ್ನೆಟ್ ಇಲ್ಲದ ಕಾರ್ಖಾನೆಯ ಕಂಪ್ಯೂಟರುಗಳಿಗೂ ಹರಡಬಲ್ಲದ್ದಾಗಿತ್ತು, ಪೆನ್‌ಡ್ರೈವ್ ಮೂಲಕವೇ. ಕೆಂಪು ದಾರ ಕಟ್ಟಿದ ಒಂದೇ ಪೆನ್‌ಡ್ರೈವ್ ಯಂತ್ರಕ್ಕೆ ಮೀಸಲಿಡಿ. ಅದರಲ್ಲಿ ಹಾಡು, ಮದುವೆಯ ಫೋಟೊ ಬೇಡ.

ಜೋಡಿ ಡಿಸ್ಕ್

ಹಳೆಯ ಹಾರ್ಡ್‌ಡಿಸ್ಕ್ ಕಂಪನಕ್ಕೆ ತಾಳುವುದಿಲ್ಲ, ಎಸ್‌ಎಸ್‌ಡಿ ಹಾಕಿ. ಕ್ಲೋನ್‌ಜಿಲ್ಲಾ ಉಚಿತವಾಗಿ ಸಿಗುತ್ತದೆ. ಅದರಿಂದ ಇಡೀ ಡಿಸ್ಕನ್ನು ಅದೇ ಅಳತೆಯ ಇನ್ನೊಂದು ಎಸ್‌ಎಸ್‌ಡಿಗೆ ನಕಲು ಮಾಡಿ. ಇಲ್ಲಿ ನಾನು ಒಂದು ಪಟ್ಟು ಹಿಡಿಯುತ್ತೇನೆ: ನಕಲನ್ನು ಕಪಾಟಿನಲ್ಲಿಡಬೇಡಿ. ನಕಲನ್ನು ಕಂಪ್ಯೂಟರಿಗೆ ಹಾಕಿ ಅದರ ಮೇಲೆ ಕೆಲಸ ನಡೆಸಿ, ಮೂಲವನ್ನು ತಾರೀಖು ಬರೆದು ಕಪಾಟಿಗೆ ಸೇರಿಸಿ. ಒಂದು ವಾರ ಜಾಬ್ ಸರಿಯಾಗಿ ಬಂದರೆ ನಿಮ್ಮ ಬಳಿ ಓಡುವ ಡಿಸ್ಕ್ ಎರಡಿವೆ ಎಂದು ಖಾತ್ರಿಯಾಯಿತು. ತೆರೆದೇ ನೋಡದ ಬ್ಯಾಕಪ್ಪನ್ನು ನಂಬಿ, ಆರ್ಡರ್ ಕೊಡಬೇಕಾದ ದಿನ ತಲೆಯ ಮೇಲೆ ಕೈಹೊತ್ತು ಕುಳಿತವರನ್ನು ಕಂಡಿದ್ದೇನೆ.

ಎರಡು ಸಣ್ಣ ಬ್ಯಾಟರಿಗಳು

ಮದರ್‌ಬೋರ್ಡ್ ಮೇಲೆ ನಾಣ್ಯದಂತಹ ಸಿಆರ್2032 ಬ್ಯಾಟರಿ ಇದೆ. ಅದು ಸತ್ತರೆ ಬಯಾಸ್ (ಕಂಪ್ಯೂಟರ್ ಏಳುವಾಗ ಓದುವ ಸೆಟ್ಟಿಂಗುಗಳು) ತನ್ನ ಮೂಲ ಸ್ಥಿತಿಗೆ ಮರಳುತ್ತದೆ, ಡಿಸ್ಕ್ ಓದುವ ಬಗೆ ಬದಲಾಗಿ ನೀಲಿ ಪರದೆ ಬರುತ್ತದೆ, ಪ್ಯಾರಲಲ್ ಪೋರ್ಟಿನ 378 ವಿಳಾಸ ಕಾಣೆಯಾಗುತ್ತದೆ. ಆಗಲೂ ಮೆಕ್ಯಾನಿಕ್ ಫಾರ್ಮ್ಯಾಟ್ ಎಂದೇ ಹೇಳುತ್ತಾನೆ. ಬಯಾಸ್‌ನ ಪ್ರತಿ ಪುಟದ ಫೋಟೊವನ್ನು ಇಂದೇ ಮೊಬೈಲಿನಲ್ಲಿ ತೆಗೆದಿಡಿ, ಮೂರು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸಿ.

ಫ್ಯಾನಕ್ ಕಂಟ್ರೋಲರಿನ ಬ್ಯಾಟರಿಯದು ಬೇರೆ ಕ್ರಮ. ಪರದೆಯ ಕೆಳಗೆ ‘ಬ್ಯಾಟ್’ ಎಂದು ಮಿನುಗತೊಡಗಿದರೆ ತಡಮಾಡದೆ, ಕೈಪಿಡಿಯ ಪ್ರಕಾರ, ಕಂಟ್ರೋಲರ್ ಚಾಲೂ ಇರುವಾಗಲೇ ಬದಲಿಸಿ. ಬಂದ್ ಮಾಡಿ ಹಳೆಯದನ್ನು ತೆಗೆದು, ಹೊಸದು ತರಲು ಅಂಗಡಿಗೆ ಹೋದರೆ ಬರುವಷ್ಟರಲ್ಲಿ ಪ್ಯಾರಾಮೀಟರುಗಳೆಲ್ಲ (ಯಂತ್ರದ ಸೆಟ್ಟಿಂಗುಗಳು) ಅಳಿಸಿರುತ್ತವೆ. ಅದಕ್ಕೂ ಮೊದಲು ಅವನ್ನು ಮೆಮೊರಿ ಕಾರ್ಡಿಗೆ ಇಳಿಸಿಕೊಂಡಿರಬೇಕು.

ಬುಧವಾರ ಸಂಜೆ, ಶುಕ್ರವಾರ ಬೆಳಿಗ್ಗೆ

ಪಿಂಪ್ರಿ-ಚಿಂಚವಡ ಭಾಗದಲ್ಲಿ ಗುರುವಾರ ವಾರದ ರಜೆ, ಲೈನ್ ದುರಸ್ತಿಗೆಂದು ಕರೆಂಟ್ ತೆಗೆಯುವುದೂ ಹೆಚ್ಚಾಗಿ ಅದೇ ದಿನ. ಬುಧವಾರ ಪಾಳಿ ಮುಗಿದಾಗ ಕಂಪ್ಯೂಟರನ್ನು ವಿಂಡೋಸ್‌ನಿಂದಲೇ ಕ್ರಮವಾಗಿ ಬಂದ್ ಮಾಡಿ, ಆಮೇಲೆ ಯುಪಿಎಸ್, ಕೊನೆಗೆ ಎಂಸಿಬಿ ಇಳಿಸಿ. ಶುಕ್ರವಾರ ಬಂದವರು ಮೊದಲು ವೋಲ್ಟ್‌ಮೀಟರ್ ನೋಡಲಿ, ಮೂರು ಫೇಸ್‌ಗಳೂ ಹತ್ತು ನಿಮಿಷ ಸ್ಥಿರವಾಗಿ ನಿಂತ ಮೇಲೆ ಎಂಸಿಬಿ ಏರಿಸಲಿ. ನಂತರ ಯುಪಿಎಸ್, ಕಂಪ್ಯೂಟರ್, ಅದು ಪೂರ್ತಿ ಎದ್ದ ಮೇಲೆ ಡ್ರೈವ್‌ಗಳು. ಎಲ್ಲ ಅಕ್ಷಗಳನ್ನೂ ಹೋಮ್ ಮಾಡಿ (ಆರಂಭದ ಸ್ಥಾನಕ್ಕೆ ತಂದು), ಟೂಲನ್ನು ಜಾಬಿನಿಂದ ಐವತ್ತು ಮಿಲಿಮೀಟರ್ ಮೇಲಿಟ್ಟು ಪ್ರೋಗ್ರಾಮನ್ನು ಒಂದು ಸಲ ಗಾಳಿಯಲ್ಲಿ ಓಡಿಸಿ. ಆ ಹೊತ್ತಿಗೆ ಕಂಪ್ರೆಸರ್ ಎರಡು ಮೂರು ಸಲ ಎದ್ದು ನಿಂತಿರುತ್ತದೆ. ಪರದೆ ಮಿನುಗದಿದ್ದರೆ ಜಾಬ್ ಕಟ್ಟಬಹುದು.