ವಿದ್ಯುತ್ ದರ ಏರಿಕೆಗೆ ಆಕ್ಷೇಪಣೆ ಸಲ್ಲಿಸುವುದು ಹೇಗೆ?

ಕರೆಂಟ್ ಬಿಲ್ ಕೈಗೆ ಬಂದ ದಿನ ಎಲ್ಲರೂ ಗೊಣಗುತ್ತೇವೆ. ಆದರೆ ಮೈಸೂರು, ಮಂಡ್ಯ ಭಾಗಕ್ಕೆ ವಿದ್ಯುತ್ ವಿತರಿಸುವ ನಿಗಮವಾದ ಸೆಸ್ಕ್ ತಾನೇ ತಾನಾಗಿ ದರ ಏರಿಸುವಂತಿಲ್ಲ. 1999ರ ಕರ್ನಾಟಕ ವಿದ್ಯುಚ್ಛಕ್ತಿ ಸುಧಾರಣಾ ಕಾಯ್ದೆಯಡಿ ಸ್ಥಾಪನೆಯಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ (ಕೆಇಆರ್‌ಸಿ) ದರ ನಿಗದಿ ಮಾಡುತ್ತದೆ. ಅದಕ್ಕೂ ಮೊದಲು ಜನರ ಆಕ್ಷೇಪಣೆಗಳನ್ನು ಪರಿಗಣಿಸಬೇಕೆಂದು 2003ರ ಕೇಂದ್ರ ವಿದ್ಯುತ್ ಕಾಯ್ದೆಯ 64ನೇ ಸೆಕ್ಷನ್ ಹೇಳುತ್ತದೆ. ಮೈಸೂರು, ಮಂಡ್ಯದ ಗ್ರಾಹಕರು ಗೊಣಗಾಟ ಬಿಟ್ಟು ಪೆನ್ನು ಹಿಡಿಯಬೇಕಾದ ಸಮಯ ಅದೇ.

ಮೊದಲು ಪತ್ರಿಕೆಯ ಮೇಲೆ ಕಣ್ಣಿಡಿ. ನಿಗಮ ಆಯೋಗಕ್ಕೆ ಸಲ್ಲಿಸಿದ ದರ ಪರಿಷ್ಕರಣೆ ಅರ್ಜಿಯ ಸಾರಾಂಶ ಅಲ್ಲಿ ಪ್ರಕಟವಾಗುತ್ತದೆ. ಸಣ್ಣ ಅಕ್ಷರ ಕಂಡು, ಯಾವುದೋ ಟೆಂಡರ್ ಇರಬೇಕೆಂದು ಪುಟ ಮಗುಚಬೇಡಿ. ಕೊನೆಯ ದಿನಾಂಕ, ವಿಳಾಸ, ಎಷ್ಟು ಪ್ರತಿ ಬೇಕು ಎಂಬುದೆಲ್ಲ ಅದರಲ್ಲೇ ಇರುತ್ತದೆ, ಕತ್ತರಿಸಿ ಇಟ್ಟುಕೊಳ್ಳಿ.

ಪೂರ್ತಿ ಅರ್ಜಿ ಜಾಲತಾಣದಲ್ಲಿ ಸಿಗುತ್ತದೆ. ಅಷ್ಟನ್ನೂ ಓದುವ ಶಿಕ್ಷೆ ಬೇಡ, ‘ವಿತರಣಾ ನಷ್ಟ’ದ ಕೋಷ್ಟಕ ಹುಡುಕಿ. ನಿಗಮ 100 ಯೂನಿಟ್ ಪೂರೈಸಿ 88ಕ್ಕೆ ಮಾತ್ರ ಲೆಕ್ಕ ತೋರಿಸಿದರೆ ನಷ್ಟ ಶೇ 12. ಈ ನಷ್ಟಕ್ಕೆ ಆಯೋಗ ಮಿತಿ ಹಾಕಿರುತ್ತದೆ. ಮಿತಿ ಮೀರಿದ ಹೊರೆಯನ್ನು ನಮ್ಮ ತಲೆಗೆ ಕಟ್ಟಬೇಡಿ ಎಂದು ಕೇಳುವುದೇ ಗಟ್ಟಿ ಆಕ್ಷೇಪಣೆ. ಇಲ್ಲೊಂದು ಸೂಕ್ಷ್ಮವಿದೆ. ಮೀಟರ್ ಇಲ್ಲದ ಪಂಪ್‌ಸೆಟ್‌ಗಳ ಬಳಕೆ ಬರೀ ಅಂದಾಜು. ಅಂದಾಜು ಹಿಗ್ಗಿದಷ್ಟೂ ಕಾಗದದ ಮೇಲೆ ನಷ್ಟ ಕುಗ್ಗುತ್ತದೆ. ಮಂಡ್ಯ ಕಡೆಯವರು ‘ಯಾವ ಫೀಡರ್‌ಗಳ (ಪಂಪ್‌ಸೆಟ್‌ಗಳಿಗೆ ವಿದ್ಯುತ್ ಒಯ್ಯುವ ಮಾರ್ಗಗಳ) ಮೀಟರ್ ಓದಿ ಈ ಅಂದಾಜಿಗೆ ಬಂದಿರಿ?’ ಎಂದು ಕೇಳಲೇಬೇಕು. ಇದು ರೈತರ ಉಚಿತ ವಿದ್ಯುತ್ತಿನ ಮೇಲಿನ ಮುನಿಸಲ್ಲ, ಲೆಕ್ಕದ ಪ್ರಶ್ನೆ.

ಬರೆಯಲು ಒಂದು ಹಾಳೆ ಸಾಕು. ಹೆಸರು, ವಿಳಾಸ, ಆರ್‌ಆರ್ ಸಂಖ್ಯೆ (ಬಿಲ್‌ನಲ್ಲಿರುವ ನಿಮ್ಮ ಸಂಪರ್ಕದ ಸಂಖ್ಯೆ), ಅರ್ಜಿಯ ಯಾವ ಪುಟಕ್ಕೆ ಆಕ್ಷೇಪ, ಏಕೆ ಎಂಬುದಷ್ಟೇ ಇರಲಿ. ಜೊತೆಗೆ ಪ್ರಮಾಣಪತ್ರ (ಅಫಿಡವಿಟ್) ಲಗತ್ತಿಸಿ. ಆಯೋಗ ನಡೆಸುವ ಸಾರ್ವಜನಿಕ ವಿಚಾರಣೆಯಲ್ಲಿ ಮಾತನಾಡುವ ಇಚ್ಛೆಯಿದ್ದರೆ ಕೊನೆಯ ಸಾಲಿನಲ್ಲಿ ತಿಳಿಸಿ. ಖುದ್ದಾಗಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಬರಬೇಡಿ.

ವಿಚಾರಣೆಯಲ್ಲಿ ಬೀದಿಯ ಬಾಗಿದ ಕಂಬದ ಕಥೆ ತೆಗೆದರೆ ಸಿಕ್ಕಿದ ಸಮಯವೂ ವ್ಯರ್ಥ. ಅಂಥ ದೂರಿಗೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಬೇರೆಯೇ ಇದೆ. ನಿಮ್ಮ ಆಕ್ಷೇಪಣೆಗೆ ನಿಗಮದ ಉತ್ತರ ಬಂದಿದ್ದರೆ ಅದನ್ನು ಕೈಯಲ್ಲಿ ಹಿಡಿದೇ ಮಾತನಾಡಿ.

ಅರ್ಜಿ ಬಂದ 120 ದಿನಗಳಲ್ಲಿ ಆಯೋಗ ಆದೇಶ ಹೊರಡಿಸಬೇಕು. ಆದೇಶ ಬಂದಾಗ ಹೊಸ ದರದ ಪಟ್ಟಿಯನ್ನಷ್ಟೇ ನೋಡಿ ಮುಚ್ಚಿಡಬೇಡಿ. ಆಕ್ಷೇಪಣೆಗಳು, ನಿಗಮದ ಉತ್ತರ ಮತ್ತು ಆಯೋಗದ ಅಭಿಪ್ರಾಯವನ್ನು ಅದರಲ್ಲೇ ದಾಖಲಿಸಿರುತ್ತಾರೆ. ನಿಮ್ಮ ಪ್ರಶ್ನೆಗೆ ಏನು ಬರೆದಿದ್ದಾರೆಂದು ಹುಡುಕಿ ನೋಡಿ.